ಹಳೆ ವೋಲ್ಟ್‌ಮೀಟರಿನ ಮುಳ್ಳು ಸೊನ್ನೆಗೆ ಬರುತ್ತಿಲ್ಲ, ಬಗ್ಗಿಸಲಾ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಒಂದು ಊರು. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅವರು ಮುಂಬಯಿಯ ಚೋರ್ ಬಜಾರಿನಿಂದ ತಂದಿದ್ದ ಹೀತ್‌ಕಿಟ್ ವಿ-7ಎ ವಾಲ್ವ್ ವೋಲ್ಟ್‌ಮೀಟರ್ ಈಗ ನನ್ನ ಹತ್ತಿರ ಇದೆ. ಜೊತೆಗೆ 230ರಿಂದ 110 ವೋಲ್ಟಿಗೆ ಇಳಿಸುವ ಪೆಟ್ಟಿಗೆಯೂ ಇದೆ. ಮೀಟರ್ ಆಫ್ ಇದ್ದಾಗಲೂ ಮುಳ್ಳು ಸೊನ್ನೆಗಿಂತ ಒಂದು ಗೆರೆ ಮೇಲೆ ನಿಲ್ಲುತ್ತದೆ. ಆನ್ ಮಾಡಿ, ಡಿಸಿ ಪ್ಲಸ್‌ಗೆ ಹಾಕಿ, ಝೀರೋ ನಾಬ್ ತಿರುಗಿಸಿದರೆ ಸೊನ್ನೆಗೆ ಬರುತ್ತದೆ. ಡಿಸಿ ಮೈನಸ್‌ಗೆ ಹಾಕಿದ ತಕ್ಷಣ ಎರಡು ಗೆರೆ ಮೇಲೆ ಹೋಗುತ್ತದೆ. ಮಳೆಗಾಲದಲ್ಲಂತೂ ಒಂದು ಗಂಟೆ ಬಿಟ್ಟರೂ ನಿಂತಲ್ಲಿ ನಿಲ್ಲುವುದಿಲ್ಲ. ಡಿಜಿಟಲ್ ಮೀಟರಿನಲ್ಲಿ 9.3 ತೋರಿಸುವ ಬ್ಯಾಟರಿ ಇದರಲ್ಲಿ 10.2 ತೋರಿಸುತ್ತದೆ. ಓಮ್ಸ್‌ಗೆ ಹಾಕಿದರೆ ಮುಳ್ಳು ಪೂರ್ತಿ ಬಲಕ್ಕೆ ಓಡುತ್ತದೆ. ಮೂಲ ಪ್ರೋಬ್, ಅಂದರೆ ತುದಿ ಮುಟ್ಟಿಸಿ ಅಳೆಯುವ ಕಡ್ಡಿ, ಕಳೆದುಹೋಗಿದೆ. ಅಪ್ಪ ಸಾದಾ ವೈರಿನಲ್ಲಿ ಒಂದು ಮಾಡಿಕೊಂಡಿದ್ದರು. ಇಲ್ಲಿನ ಮೆಕ್ಯಾನಿಕ್ ಒಬ್ಬರು, ‘ಮ್ಯಾಗ್ನೆಟ್ ವೀಕ್ ಆಗಿದೆ, ಗಾಜು ತೆಗೆದು ಮುಳ್ಳನ್ನು ಸ್ವಲ್ಪ ಬಗ್ಗಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಬಗ್ಗಿಸಲಾ? ಇಷ್ಟೆಲ್ಲ ಮಾಡುವಷ್ಟು ಬೆಲೆ ಈ ಮೀಟರಿಗೆ ಇದೆಯಾ?

ಉತ್ತರ: ಬಗ್ಗಿಸಬೇಡಿ. ಗಾಜನ್ನೂ ತೆಗೆಯಬೇಡಿ. ನೀವು ಹೇಳಿರುವ ಐದು ತೊಂದರೆಗಳಲ್ಲಿ ಒಂದಕ್ಕೂ ಮುಳ್ಳು ಬಗ್ಗಿಸುವುದು ಮದ್ದಲ್ಲ. ಅದರಲ್ಲೂ ಒಂದು ತೊಂದರೆಯೇ ಅಲ್ಲ. ಮುಳ್ಳು ಬಗ್ಗಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಮೊದಲು ಮ್ಯಾಗ್ನೆಟ್ ವಿಷಯ ಮುಗಿಸೋಣ. ಈ ಮಾತನ್ನು ನಾನು ಬೆಂಚಿನ ಮುಂದೆ ಕೂತ ದಿನದಿಂದಲೂ ಕೇಳುತ್ತಿದ್ದೇನೆ. ಮೀಟರಿನೊಳಗೆ ಮ್ಯಾಗ್ನೆಟ್ಟಿನ ಮಧ್ಯೆ ಒಂದು ಪುಟ್ಟ ಕಾಯಿಲ್ ಇದೆ. ಅದಕ್ಕೆ ಕರೆಂಟ್ ಕೊಟ್ಟರೆ ಮಾತ್ರ ಮ್ಯಾಗ್ನೆಟ್ ಅದನ್ನು ತಿರುಗಿಸುತ್ತದೆ. ಕರೆಂಟ್ ಇಲ್ಲದಾಗ ಮ್ಯಾಗ್ನೆಟ್ಟಿಗೆ ಕೆಲಸವಿಲ್ಲ. ಆಗ ಮುಳ್ಳು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಕೂದಲಿನಷ್ಟು ತೆಳ್ಳಗಿನ ಎರಡು ಸುರುಳಿ ಸ್ಪ್ರಿಂಗ್. ಹಾಗಾಗಿ ಆಫ್ ಇದ್ದಾಗ ಮುಳ್ಳು ಸೊನ್ನೆಯಲ್ಲಿಲ್ಲ ಅಂದರೆ ಅದು ಮ್ಯಾಗ್ನೆಟ್ಟಿನ ತಪ್ಪಾಗಲು ಸಾಧ್ಯವೇ ಇಲ್ಲ. ಇನ್ನೊಂದು ಮಾತು. ಮ್ಯಾಗ್ನೆಟ್ ವೀಕ್ ಆದರೆ ಮೀಟರ್ ಕಡಿಮೆ ತೋರಿಸಬೇಕು. ನಿಮ್ಮದು ಜಾಸ್ತಿ ತೋರಿಸುತ್ತಿದೆ, ಅಲ್ವಾ?

ಈಗ ಒಂದು ಗೆರೆ, ಎರಡು ಗೆರೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಆಫ್ ಇದ್ದಾಗ ಒಂದು ಗೆರೆ ಎಂದಿರಿ, ಡಿಸಿ ಮೈನಸ್‌ನಲ್ಲಿ ಎರಡು ಗೆರೆ ಎಂದಿರಿ. ಇವೆರಡೂ ಒಂದೇ ಕಾಯಿಲೆ.

ಈ ಮೀಟರಿಗೆ ಸೊನ್ನೆ ಒಂದಲ್ಲ, ಎರಡು. ಒಂದು ಸ್ಪ್ರಿಂಗಿನ ಸೊನ್ನೆ. ಗಾಜಿನ ಕೆಳಗೆ, ಮಧ್ಯದಲ್ಲಿ ಕಾಣುವ ಸಣ್ಣ ಸ್ಕ್ರೂ ಅದರದ್ದು. ಇನ್ನೊಂದು ವಾಲ್ವಿನ ಸೊನ್ನೆ. ಒಳಗಿರುವ 12ಎಯು7 ಎಂಬ, ಗಾಜಿನ ಬಲ್ಬಿನಂಥ ವಾಲ್ವಿನಲ್ಲಿ ಒಂದೇ ಥರದ ಎರಡು ಭಾಗಗಳಿವೆ. ಅವು ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಎರಡೂ ಸಮ ಇದ್ದರೆ ಮೀಟರಿಗೆ ಕರೆಂಟ್ ಹರಿಯುವುದಿಲ್ಲ. ಝೀರೋ ನಾಬ್ ಈ ತಕ್ಕಡಿಯನ್ನು ಸಮ ಮಾಡುವುದಕ್ಕೆ ಇರುವುದು. ಈಗ ನಿಮ್ಮ ಮುಳ್ಳು ಸ್ಪ್ರಿಂಗಿನ ಲೆಕ್ಕದಲ್ಲೇ ಒಂದು ಗೆರೆ ಮೇಲಿದೆ. ನೀವು ನಾಬ್ ತಿರುಗಿಸಿ ಅದನ್ನು ಸೊನ್ನೆಗೆ ತಂದಿರಿ. ಅಂದರೆ ತಕ್ಕಡಿಯನ್ನು ಒಂದು ಗೆರೆಯಷ್ಟು ಓರೆ ಮಾಡಿ, ಮುಳ್ಳನ್ನು ಕೆಳಕ್ಕೆ ಎಳೆದಿರಿ. ಡಿಸಿ ಮೈನಸ್‌ಗೆ ಹಾಕಿದಾಗ ಸ್ವಿಚ್ಚು ಮೀಟರಿನ ಎರಡು ವೈರುಗಳನ್ನು ಅದಲು ಬದಲು ಮಾಡುತ್ತದೆ. ಕೆಳಕ್ಕೆ ಎಳೆಯುತ್ತಿದ್ದ ಕರೆಂಟು ಈಗ ಮೇಲಕ್ಕೆ ತಳ್ಳುತ್ತದೆ. ಸ್ಪ್ರಿಂಗಿನದ್ದು ಒಂದು ಗೆರೆ, ಕರೆಂಟಿನದ್ದು ಒಂದು ಗೆರೆ, ಒಟ್ಟು ಎರಡು. ವಾಲ್ವ್ ಪಾಪ ಏನೂ ಮಾಡಿಲ್ಲ.

ಹಾಗಾಗಿ ಕ್ರಮ ಮುಖ್ಯ. ಮೊದಲು ತಣ್ಣಗಿದ್ದಾಗ ಸ್ಪ್ರಿಂಗಿನ ಸೊನ್ನೆ, ಆಮೇಲೆ ಬಿಸಿಯಾದಾಗ ವಾಲ್ವಿನ ಸೊನ್ನೆ. ಇದನ್ನು ಹಿಂದೆ ಮುಂದೆ ಮಾಡಿದರೆ ಜೀವನಪೂರ್ತಿ ನಾಬ್ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಸ್ಪ್ರಿಂಗಿನ ಸೊನ್ನೆ ಹೇಗೆ ಅಂದರೆ, ಮೀಟರಿನ ಪ್ಲಗ್ ತೆಗೆದು ಕನಿಷ್ಠ ಹತ್ತು ನಿಮಿಷ ಬಿಡಿ. ವಾಲ್ವ್ ತಣ್ಣಗಾಗುವ ತನಕ ಮುಳ್ಳು ಸ್ವಲ್ಪ ಅತ್ತಿತ್ತ ಹೋಗುತ್ತದೆ, ಅದನ್ನು ನಂಬಬೇಡಿ. ಮೀಟರನ್ನು ನೀವು ಬಳಸುವ ಹಾಗೆಯೇ ನೇರವಾಗಿ ನಿಲ್ಲಿಸಿ. ಮಲಗಿಸಿ ಸೊನ್ನೆ ಮಾಡಿ, ನಿಲ್ಲಿಸಿ ಅಳೆದರೆ ವ್ಯತ್ಯಾಸ ಬರುವುದು ಸಹಜ. ಸ್ಕ್ರೂ ಬಾಯಿಗೆ ಸರಿಯಾಗಿ ಕೂರುವ ಡ್ರೈವರ್ ಹಿಡಿದು, ನಿಧಾನ ತಿರುಗಿಸಿ. ಸ್ಕ್ರೂ ತುದಿಯಲ್ಲಿ ಸೊಟ್ಟಗೆ ಕೂತ ಒಂದು ಪಿನ್ ಇದೆ. ಅದು ಒಳಗಿನ ಕವೆಗೋಲಿನಂಥ ಒಂದು ತಗಡನ್ನು ತಳ್ಳುತ್ತದೆ. ಹಾಗಾಗಿ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಮುಳ್ಳು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗಿ ಬರುತ್ತದೆ. ಬಿಗಿಯಾಗುವ ತನಕ ತಿರುಗಿಸುವ ಸ್ಕ್ರೂ ಅಲ್ಲ ಇದು. ಒಂದೇ ದಿಕ್ಕಿನಿಂದ ಸೊನ್ನೆಗೆ ತನ್ನಿ. ಉಗುರಿನಿಂದ ಗಾಜಿನ ಪಕ್ಕದಲ್ಲಿ ಮೆಲ್ಲಗೆ ತಟ್ಟಿ. ತಟ್ಟಬಾರದು ಎನ್ನುವವರಿದ್ದಾರೆ. ಸುತ್ತಿಗೆಯಲ್ಲಿ ತಟ್ಟಬಾರದು ಅಷ್ಟೆ. ಬೆರಳಲ್ಲಿ ತಟ್ಟುವುದು ಹಳೆ ಕೈಗಳ ಅಭ್ಯಾಸ. ಮುಳ್ಳು ಎಲ್ಲಾದರೂ ತಡೆದು ನಿಂತಿದ್ದರೆ ಬಿಡಿಸಿಕೊಳ್ಳುತ್ತದೆ. ಸೊನ್ನೆ ಸಿಕ್ಕ ಮೇಲೆ ಸ್ಕ್ರೂವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಮುಳ್ಳು ಅಲುಗಬಾರದು. ಪಿನ್ ಆ ತಗಡನ್ನು ಒತ್ತಿಕೊಂಡಿರದೆ ಸಡಿಲವಾಗಲಿ ಎಂದು ಇದು. ಇಲ್ಲದಿದ್ದರೆ ಮೀಟರ್ ಎತ್ತಿಟ್ಟಾಗಲೆಲ್ಲ ಸೊನ್ನೆ ಜರುಗುತ್ತದೆ.

ಇಲ್ಲೊಂದು ಚಿಕ್ಕ ಮೋಸ ಇದೆ. ಮುಂದಿನ ಗಾಜು ಪ್ಲಾಸ್ಟಿಕ್ಕಿನದಾದರೆ, ಒಣ ಬಟ್ಟೆಯಲ್ಲಿ ತಿಕ್ಕಿದ ತಕ್ಷಣ ಅದಕ್ಕೆ ಸ್ಟ್ಯಾಟಿಕ್ ಹತ್ತುತ್ತದೆ. ಮುಳ್ಳು ಅದಕ್ಕೆ ಅಂಟಿಕೊಂಡ ಹಾಗೆ ಎಲ್ಲೆಲ್ಲೋ ನಿಲ್ಲುತ್ತದೆ. ನಿಮ್ಮ ಕರಾವಳಿಯ ಹವೆಯಲ್ಲಿ ಇದು ಕಡಿಮೆ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಇದೇ ದೂರು ಹೊತ್ತು ಬರುತ್ತಾರೆ. ಗಾಜಿನ ಮೇಲೆ ಹಾ ಎಂದು ಉಸಿರು ಬಿಡಿ. ಮುಳ್ಳು ಸರಿದರೆ ಸ್ಟ್ಯಾಟಿಕ್ಕೇ. ಸೋಪು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸಿ, ಒಣಗಲು ಬಿಟ್ಟರೆ ಸಾಕು.

ಆಮೇಲೆ ಮೀಟರ್ ಆನ್ ಮಾಡಿ. ಅದಕ್ಕೆ ಮುಂಚೆ ಆ ಇಳಿಸುವ ಪೆಟ್ಟಿಗೆಯ ಬಗ್ಗೆ ಎರಡು ಮಾತು. ಹೀತ್ ಕಂಪನಿ ಅಮೆರಿಕದ ಮಿಷಿಗನ್‌ನ ಬೆಂಟನ್ ಹಾರ್ಬರಿನದು. ಅಲ್ಲಿನ ಮನೆ ಕರೆಂಟಿಗೆ ಮಾಡಿದ ಮೀಟರ್ ಇದು. ನೇರವಾಗಿ ನಮ್ಮ 230ಕ್ಕೆ ಹಾಕಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಕೆಲಸ ಕಲಿಯುವಾಗ ನಾನೇ ಒಂದನ್ನು ಹೀಗೆ ಸುಟ್ಟಿದ್ದೇನೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ನಿಮ್ಮ ಪೆಟ್ಟಿಗೆಯೊಳಗೆ ನಿಜವಾದ ಟ್ರಾನ್ಸ್‌ಫಾರ್ಮರ್ ಇದೆಯೇ ನೋಡಿ. ಕೈಯಲ್ಲಿ ಹಿಡಿದರೆ ಭಾರ ಇರಬೇಕು. ಹಗುರವಾದ ಪ್ರಯಾಣದ ಕನ್ವರ್ಟರ್ ಇದಕ್ಕೆ ಆಗದು. ಮೀಟರ್ ಹತ್ತು ವಾಟಿನಷ್ಟು ಮಾತ್ರ ಎಳೆಯುತ್ತದೆ. ಹೊಸದು ಕೊಳ್ಳುವುದಾದರೆ 50 ವಿಎ ಬೇಕಾದಷ್ಟಾಯಿತು. ಎರಡು ಸುತ್ತೂ ಬೇರೆ ಬೇರೆ ಇರುವ ಐಸೊಲೇಶನ್ ಥರದ್ದನ್ನೇ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹೇಳಿದರೆ ಸುತ್ತಿಸಿಯೂ ಕೊಡುತ್ತಾರೆ.

ಆನ್ ಮಾಡಿದಾಗ ಮುಳ್ಳು ಬಲಕ್ಕೆ ಹಾರಿ ಇಳಿಯುವುದು ಹೆದರುವ ವಿಷಯವಲ್ಲ. ವಾಲ್ವಿನ ಎರಡು ಭಾಗ ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ಅಷ್ಟೆ. ಅರ್ಧ ಗಂಟೆ ಬಿಡಿ. ಡಿಸಿ ಪ್ಲಸ್, 1.5 ವೋಲ್ಟ್ ರೇಂಜ್, ಪ್ರೋಬಿನ ತುದಿಯನ್ನು ಮೀಟರಿನ ಇನ್ನೊಂದು ವೈರಾದ ಕಪ್ಪು ವೈರಿಗೆ ಮುಟ್ಟಿಸಿ ಇಟ್ಟು, ಝೀರೋ ನಾಬ್ ತಿರುಗಿಸಿ. ಈಗ ಡಿಸಿ ಮೈನಸ್‌ಗೆ ಹಾಕಿ ನೋಡಿ. ಮುಳ್ಳು ಅಲ್ಲೇ ನಿಲ್ಲಬೇಕು. ಗೆರೆಯ ದಪ್ಪದಷ್ಟು ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ.

ಇನ್ನು ಮಳೆಗಾಲದ ಕಥೆ. ಇಲ್ಲಿ ನಿಜವಾದ ಕಾಯಿಲೆ ಇದೆ. ಈ ಮೀಟರಿನ ದೊಡ್ಡ ಗುಣ ಅಂದರೆ ಅದರ ಒಳದಾರಿಯ ರೆಸಿಸ್ಟೆನ್ಸು, ಒಟ್ಟು 11 ಮೆಗಾಓಮ್. ಅಷ್ಟು ಜಾಸ್ತಿ ರೆಸಿಸ್ಟೆನ್ಸ್ ಇರುವ ಕಡೆ, ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕೂತ ಬಿಲ್ಲೆ ಮೇಲೆ, ವಾಲ್ವ್ ಸಾಕೆಟ್ಟಿನ ಕಾಲುಗಳ ಮಧ್ಯೆ ಕೂತ ಧೂಳು ಒದ್ದೆಯಾದರೆ ಅದೇ ಒಂದು ಕಳ್ಳದಾರಿ ಆಗುತ್ತದೆ. ಕರೆಂಟು ಅಲ್ಲಿಂದ ಸೋರುತ್ತದೆ. ಉಪ್ಪಿನ ಗಾಳಿ ಇರುವ ಊರಲ್ಲಿ ಇನ್ನೂ ಜಾಸ್ತಿ. ವಾಲ್ವಿನೊಳಗೆ ಗ್ಯಾಸ್ ಸೇರಿಕೊಂಡರೂ ಹೀಗೇ ಆಗುತ್ತದೆ. ಯಾವುದು ಎಂದು ತಿಳಿಯುವುದು ಕಷ್ಟವಲ್ಲ. 1.5 ರೇಂಜಿನಲ್ಲಿ ಪ್ರೋಬ್ ಕಪ್ಪು ವೈರಿಗೆ ಮುಟ್ಟಿಸಿದಾಗ ಸೊನ್ನೆ, ಬಿಟ್ಟಾಗ ಮುಳ್ಳು ಏರುತ್ತದೆಯಾ ನೋಡಿ. ಏರಿದರೆ ಸೋರಿಕೆ ಇದೆ ಎಂದಾಯಿತು. ಆಮೇಲೆ ಮೀಟರನ್ನು ಒಂದು ಕಪಾಟಿನಲ್ಲಿಟ್ಟು, ಜೊತೆಗೆ ಸಣ್ಣ ಹಳೆ ಕಾಲದ ಬಲ್ಬು ಹಚ್ಚಿ ಒಂದು ರಾತ್ರಿ ಬಿಡಿ. ಬಲ್ಬು ಬಟ್ಟೆಗೋ ಮರಕ್ಕೋ ತಾಗದ ಹಾಗೆ ಇರಲಿ. ಕ್ಯಾಮೆರಾ ಇಟ್ಟುಕೊಂಡವರು ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಎಂದು ಮಾಡುತ್ತಿದ್ದ ಉಪಾಯವೇ ಇದು. ಬೆಳಿಗ್ಗೆ ಮುಳ್ಳು ಸುಮ್ಮನಾದರೆ ತೇವದ್ದೇ ಕೆಲಸ. ಹಾಗೇ ಇದ್ದರೆ ವಾಲ್ವನ್ನು ಅನುಮಾನಿಸಿ.

ತೇವ ಎಂದಾದರೆ ಹಿಂದಿನ ಕವರ್ ತೆಗೆದು ಒಳಗೆ ಕೈಹಾಕಬೇಕು. ಇದು ಸ್ವಲ್ಪ ಅಪಾಯದ ಹೆಜ್ಜೆ. ಒಳಗೆ ಷಾಕ್ ಹೊಡೆಯುವಷ್ಟು ವೋಲ್ಟೇಜ್ ಇದೆ. ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಪ್ಲಗ್ ಕಿತ್ತು, ಕಾದು, ಕಂಡೆನ್ಸರಿನಲ್ಲಿ ಎಷ್ಟು ಉಳಿದಿದೆ ಎಂದು ಡಿಜಿಟಲ್ ಮೀಟರಿನಲ್ಲಿ ನೋಡಿಕೊಂಡೇ ಕೈಹಾಕಿ. ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆ ಬ್ರಷ್ಷಿಗೆ ತಗುಲಿಸಿ ಸ್ವಿಚ್ಚಿನ ಬಿಲ್ಲೆ, ಸಾಕೆಟ್ ಒರೆಸಿ. ಒಂದು ದಿನ ಪೂರ್ತಿ ಒಣಗಲಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಣ್ಣೆ ಬಿಲ್ಲೆಯ ಮೇಲೆ ಹರಡಿ ಧೂಳು ಹಿಡಿಯುತ್ತದೆ, ಆರು ತಿಂಗಳಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ.

ವಾಲ್ವ್ ಎಂದಾದರೆ ಚಿಂತೆ ಬೇಡ. 12ಎಯು7 ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ, ಗಿಟಾರ್ ಆಂಪ್ಲಿಫೈಯರಿನವರ ಪುಣ್ಯ. ಇಸಿಸಿ82 ಎಂದರೂ ಅದೇ. ಹೊಸ ವಾಲ್ವ್ ಹಾಕಿದ ದಿನವೇ ಸೊನ್ನೆ ಸರಿಮಾಡಲು ಕೂರಬೇಡಿ. ಎರಡು ದಿನವಾದರೂ ಮೀಟರ್ ಆನ್ ಇಟ್ಟು ಅದನ್ನು ಪಳಗಿಸಿ. ನೀವು ಮನೆಯಲ್ಲಿರುವ ಹೊತ್ತಿನಲ್ಲಿ ಮಾತ್ರ. ನಿಮ್ಮ ಮೀಟರಿನಲ್ಲಿ ಎಸಿಯನ್ನು ಡಿಸಿ ಮಾಡುವ ಮೂಲದ ಸೆಲೆನಿಯಮ್ ರೆಕ್ಟಿಫೈಯರ್ ಇನ್ನೂ ಇದ್ದರೆ, ಅದು ಕೆಟ್ಟಾಗ ಕೊಳೆತ ವಾಸನೆಯ ಹೊಗೆ ಬಿಡುತ್ತದೆ. ಆ ಹೊಗೆ ವಿಷ. ಕಿಟಕಿ ತೆಗೆದು ಆಚೆ ಹೋಗಿ. ನಾನಾದರೆ ಕವರ್ ತೆಗೆದ ಕೈಯಲ್ಲೇ ಅದರ ಜಾಗಕ್ಕೆ ಸಿಲಿಕಾನ್ ಡಯೋಡ್, ಜೊತೆಗೆ ವೋಲ್ಟೇಜ್ ಹೆಚ್ಚಾಗದ ಹಾಗೆ ಒಂದು ರೆಸಿಸ್ಟರ್ ಹಾಕುತ್ತೇನೆ. ಹಳೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನೂ ಬದಲಾಯಿಸುತ್ತೇನೆ. ಎಲ್ಲ ಮೂಲದ್ದೇ ಇರಬೇಕು ಎನ್ನುವವರ ಜೊತೆ ನನಗೆ ಜಗಳ ಇಲ್ಲ, ಆದರೆ ಅವರು ಮೀಟರನ್ನು ಷೋಕೇಸಿನಲ್ಲಿ ಇಟ್ಟುಕೊಳ್ಳಲಿ.

ಒಳಗೆ ನೋಡುವಾಗ ಬೆಸುಗೆಗಳನ್ನೂ ಗಮನಿಸಿ. ಹೀತ್‌ಕಿಟ್ ಅಂದರೆ ಬಿಡಿ ಭಾಗಗಳ ಪೊಟ್ಟಣ. 1947ರಲ್ಲಿ ಆಸಿಲೋಸ್ಕೋಪ್ ಕಿಟ್ಟಿನಿಂದ ಶುರು ಮಾಡಿದವರು ಅವರು. ಕೊಂಡವರೇ ಮನೆಯಲ್ಲಿ ಕೂತು ಜೋಡಿಸಬೇಕಿತ್ತು. ಹಾಗಾಗಿ ನಿಮ್ಮ ಮೀಟರಿನ ಬೆಸುಗೆ ಯಾರೋ ಒಬ್ಬರು ಊಟದ ಮೇಜಿನ ಮೇಲೆ ಹಾಕಿದ್ದು. ಒಬ್ಬರ ಕೈ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಇನ್ನೊಬ್ಬರದು ಜೇಡರ ಹುಳದ ಮೊಟ್ಟೆಯ ಹಾಗೆ ಬೂದುಬೂದು. ಬೂದು ಬಣ್ಣದ್ದು ಕಂಡರೆ ಮತ್ತೆ ಬೆಸುಗೆ ಹಾಕಿ.

9.3 ಇದ್ದದ್ದು 10.2 ಆದದ್ದಕ್ಕೆ ಬರೋಣ. ಹತ್ತಿರ ಹತ್ತಿರ ಶೇಕಡ ಹತ್ತು ಜಾಸ್ತಿ. ಈ ಹತ್ತು ನೋಡಿದ ಕೂಡಲೇ ನಾನು ಪ್ರೋಬಿನ ಬಗ್ಗೆ ನೀವು ಬರೆದ ಸಾಲನ್ನು ಮತ್ತೆ ಓದಿದೆ. ಮೂಲ ಪ್ರೋಬಿನ ಮೂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇತ್ತು. ಮೀಟರಿನೊಳಗೆ 10. ಎರಡೂ ಸೇರಿ 11. ಬಂದ ವೋಲ್ಟೇಜಿನಲ್ಲಿ ಹನ್ನೊಂದನೇ ಒಂದು ಪಾಲು ಪ್ರೋಬಿನಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಸ್ಕೇಲ್ ಬರೆದಿದ್ದಾರೆ. ಸಾದಾ ವೈರಿನಲ್ಲಿ ಆ ಪಾಲು ಉಳಿಯುವುದಿಲ್ಲ, ಎಲ್ಲ ಒಳಗೆ ಬರುತ್ತದೆ. 9.3ನ್ನು 11ರಿಂದ ಗುಣಿಸಿ 10ರಿಂದ ಭಾಗಿಸಿ. 10.23. ಅಪ್ಪನಿಗೆ ಇದು ಗೊತ್ತಿದ್ದು, ಮನಸ್ಸಿನಲ್ಲೇ ಕಳೆದುಕೊಳ್ಳುತ್ತಿದ್ದರೋ ಏನೋ.

ಒಂದು ಹಳೆ ಪೆನ್ನಿನ ಕೊಳವೆ, ಶೇಕಡ ಒಂದರ 1 ಮೆಗಾಓಮ್ ಅರ್ಧ ವಾಟಿನ ರೆಸಿಸ್ಟರ್, ಒಂದು ಮೀಟರ್ ಉದ್ದದ ಷೀಲ್ಡ್ ವೈರು, ಇಷ್ಟು ಸಾಕು. ರೆಸಿಸ್ಟರ್ ಮೂತಿಯ ತುದಿಯಲ್ಲೇ ಇರಬೇಕು, ಮೀಟರಿನ ಕಡೆ ಅಲ್ಲ. ವೈರಿನ ಕೆಪ್ಯಾಸಿಟೆನ್ಸ್ ನೀವು ಮುಟ್ಟಿದ ಸರ್ಕಿಟ್ಟಿಗೆ ತಗುಲದಿರಲಿ ಎಂದು ಅಲ್ಲಿಟ್ಟಿರುವುದು. ಓಮ್ಸ್ ಮತ್ತು ಎಸಿ ಅಳೆಯಲು ಈ ರೆಸಿಸ್ಟರ್ ಇರಬಾರದು, ಅದಕ್ಕೆ ಅಪ್ಪನ ಸಾದಾ ವೈರನ್ನೇ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ ಪೆನ್ನಿನ ಪ್ರೋಬಿನಲ್ಲಿ 1500 ವೋಲ್ಟ್ ಅಳೆಯುವ ಸಾಹಸ ಬೇಡ. ಬ್ಯಾಟರಿ, ರೇಡಿಯೊದ ಸಣ್ಣ ವೋಲ್ಟೇಜುಗಳಿಗೆ ಅದು ಸಾಕು.

ಪ್ರೋಬ್ ಸರಿಮಾಡುವ ಮುಂಚೆ ಒಳಗಿನ ಡಿಸಿ ಕ್ಯಾಲಿಬ್ರೇಶನ್ ಸ್ಕ್ರೂ ಮುಟ್ಟಲೇಬೇಡಿ. ಮುಟ್ಟಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತೆ. ಪ್ರೋಬ್ ಆದ ಮೇಲೂ ವ್ಯತ್ಯಾಸ ಇದ್ದರೆ, ಸ್ವಲ್ಪ ಬಳಸಿದ, ಡಿಜಿಟಲ್ ಮೀಟರಿನಲ್ಲಿ 1.5ಕ್ಕಿಂತ ಚೂರು ಕಡಿಮೆ ತೋರಿಸುವ ಸೆಲ್ ತೆಗೆದುಕೊಳ್ಳಿ. 1.5 ರೇಂಜಿನಲ್ಲಿ ಅಷ್ಟೇ ಬರುವ ಹಾಗೆ ಆ ಸ್ಕ್ರೂ ತಿರುಗಿಸಿ. ಮತ್ತೆ 15ರ ರೇಂಜಿನಲ್ಲಿ 9 ವೋಲ್ಟ್ ಬ್ಯಾಟರಿ ನೋಡಿ. ಒಂದು ಸರಿ, ಇನ್ನೊಂದು ತಪ್ಪು ಬಂದರೆ ರೇಂಜ್ ಸ್ವಿಚ್ಚಿನ ಯಾವುದೋ ರೆಸಿಸ್ಟರ್ ಬೆಲೆ ಬದಲಾಗಿದೆ ಎಂದರ್ಥ. ಎಸಿಗೆ ಹಾಕಿದಾಗ, ವೈರುಗಳನ್ನು ಒಂದಕ್ಕೊಂದು ಮುಟ್ಟಿಸಿದ್ದರೂ ಮುಳ್ಳು ಸೊನ್ನೆ ಬಿಟ್ಟು ಏರಿದರೆ, ಎಸಿ ಬ್ಯಾಲೆನ್ಸ್ ಎಂಬ ಇನ್ನೊಂದು ಸ್ಕ್ರೂ ಇದೆ. ಎಸಿಯನ್ನು ಡಿಸಿ ಮಾಡುವ 6ಎಎಲ್5 ಎಂಬ ಇನ್ನೊಂದು ವಾಲ್ವ್ ಬಿಸಿಯಾದಾಗ ತನ್ನಷ್ಟಕ್ಕೆ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ, ಅದನ್ನು ಹೊಡೆದುಹಾಕಲು ಅದು. ಈ ಸ್ಕ್ರೂಗಳನ್ನು ಮೀಟರ್ ಆನ್ ಇದ್ದಾಗಲೇ ತಿರುಗಿಸಬೇಕು. ಪೂರ್ತಿ ಪ್ಲಾಸ್ಟಿಕ್ಕಿನ ಡ್ರೈವರ್ ಬಳಸಿ, ಒಂದು ಕೈ ಜೇಬಿನಲ್ಲಿರಲಿ.

ಓಮ್ಸ್‌ನಲ್ಲಿ ಮುಳ್ಳು ಬಲಕ್ಕೆ ಓಡುವುದು ತೊಂದರೆಯಲ್ಲ, ಈ ಜಾತಿಯ ಮೀಟರಿನ ಸ್ವಭಾವವೇ ಅದು. ಸಾದಾ ಮಲ್ಟಿಮೀಟರಿಗೆ ಉಲ್ಟಾ. ವೈರು ಬಿಟ್ಟಿದ್ದಾಗ ಬಲತುದಿ, ಮುಟ್ಟಿಸಿದಾಗ ಎಡತುದಿ. ಬಿಟ್ಟಿದ್ದಾಗ ಓಮ್ಸ್ ನಾಬಿನಿಂದ ಬಲಗಡೆಯ ಕೊನೆ ಗೆರೆಗೆ ತನ್ನಿ. ಮುಟ್ಟಿಸಿದಾಗ ಝೀರೋ ನಾಬಿನಿಂದ ಎಡಗಡೆಯ ಸೊನ್ನೆಗೆ ತನ್ನಿ. ಸಣ್ಣ ರೇಂಜಿನಲ್ಲಿ ವೈರು ಮುಟ್ಟಿಸಿ ಹಾಗೇ ಬಿಟ್ಟು ಹೋಗಬೇಡಿ, ಸೆಲ್ ಬೇಗ ಖಾಲಿಯಾಗುತ್ತದೆ.

ಬೆಲೆ ಇದೆಯಾ ಎಂದು ಕೇಳಿದಿರಿ. ನಿಖರತೆಗೆ ಎಂದಾದರೆ, ಇಲ್ಲ. ಇದು ಹೊಸದಿದ್ದಾಗಲೇ ಡಿಸಿಯಲ್ಲಿ ಪೂರ್ತಿ ಸ್ಕೇಲಿನ ಶೇಕಡ ಮೂರರಷ್ಟು ಆಚೀಚೆ ಆಗುತ್ತಿತ್ತು. 150ರ ರೇಂಜಿನಲ್ಲಿ ಅದು ನಾಲ್ಕೂವರೆ ವೋಲ್ಟ್. ಅಲ್ಲಿ 30 ಎಂದು ಓದಿದ್ದು ನಿಜಕ್ಕೂ 25.5 ಇರಬಹುದು, 34.5 ಇರಬಹುದು. ಅದಕ್ಕೇ ಮುಳ್ಳು ಸ್ಕೇಲಿನ ಬಲಗಡೆ ಬರುವ ರೇಂಜನ್ನೇ ಹಿಡಿಯಬೇಕು. ಸಾಧಾರಣ ಡಿಜಿಟಲ್ ಮೀಟರ್ ಇದಕ್ಕಿಂತ ಸರಿಯಾಗಿ ಅಳೆಯುತ್ತದೆ. ಆದರೆ ನೀವು ಅಪ್ಪನ ಹಾಗೆ ಹಳೆ ರೇಡಿಯೊ ಬಿಚ್ಚುವವರಾದರೆ ಕಥೆ ಬೇರೆ. ಟ್ಯೂನ್ ಮಾಡುವಾಗ ಅಂಕಿ ಕುಣಿಯುವುದನ್ನು ನೋಡಿ ಏನೂ ತಿಳಿಯುವುದಿಲ್ಲ. ಮುಳ್ಳು ಏರಿ, ತುದಿ ಮುಟ್ಟಿ, ಇಳಿಯಲು ಶುರು ಮಾಡಿದ್ದು ಕಣ್ಣಂಚಿನಲ್ಲೇ ಕಾಣುತ್ತದೆ. ಝೀರೋ ನಾಬ್ ತಿರುಗಿಸಿ ಮುಳ್ಳನ್ನು ಸ್ಕೇಲಿನ ನಟ್ಟನಡುವೆ ನಿಲ್ಲಿಸಿಕೊಂಡರೆ ಎಫ್‌ಎಂ ಸೆಟ್ಟಿನ ಡಿಸ್ಕ್ರಿಮಿನೇಟರ್, ಅಂದರೆ ಸಿಗ್ನಲಿನಿಂದ ಧ್ವನಿ ಬಿಡಿಸುವ ಭಾಗ, ಸರಿಮಾಡಬಹುದು. ಅದಕ್ಕೆಂದೇ ನಡುವೆ ಒಂದು ಸೊನ್ನೆ ಗುರುತು ಬರೆದಿದ್ದಾರೆ ನೋಡಿ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಇದರ ಕಪ್ಪು ವೈರು ಮೀಟರಿನ ತಗಡಿನ ಡಬ್ಬಕ್ಕೇ ಸೇರಿದೆ. ಹಳೆ ಎಸಿ-ಡಿಸಿ ರೇಡಿಯೊಗಳಲ್ಲಿ ಚಾಸಿಗೆ, ಅಂದರೆ ಒಳಗಿನ ತಗಡಿನ ಚೌಕಟ್ಟಿಗೆ, ನೇರವಾಗಿ ಮನೆ ಕರೆಂಟ್ ಬಂದಿರುತ್ತದೆ. ಅಂಥದ್ದಕ್ಕೆ ಕಪ್ಪು ವೈರು ಸಿಕ್ಕಿಸಿದರೆ ನೀವು ಹಿಡಿದ ಮೀಟರಿನ ಡಬ್ಬಕ್ಕೂ ಕರೆಂಟ್ ಬರುತ್ತದೆ. ರೇಡಿಯೊಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಕೆಲಸ ಬೇಡ. ಗೋಡೆಯ ಪ್ಲಗ್ಗಿನ ವೋಲ್ಟೇಜನ್ನೂ ಇದರಲ್ಲಿ ಅಳೆಯಬೇಡಿ.

ಕೊನೆಯದಾಗಿ ಒಳಗಿನ ಆ ಒಂದೂವರೆ ವೋಲ್ಟಿನ ಸೆಲ್. ಮೀಟರ್ ಒಂದು ತಿಂಗಳು ಬಳಸುವುದಿಲ್ಲ ಎಂದರೆ ತೆಗೆದಿಡಿ. ಈಗಾಗಲೇ ಸೋರಿ ಸ್ಪ್ರಿಂಗು ತುಕ್ಕು ಹಿಡಿದಿದ್ದರೆ, ಆಲ್ಕಲೈನ್ ಸೆಲ್ಲಿನದಾದರೆ ನಿಂಬೆರಸದಲ್ಲಿ, ಹಳೆ ಕಾಲದ ಸತುವಿನ ಸೆಲ್ಲಿನದಾದರೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒರೆಸಿ, ನೀರಿನ ಬಟ್ಟೆಯಲ್ಲಿ ಮತ್ತೆ ಒರೆಸಿ ಒಣಗಿಸಿ. ಸೆಲ್ ತೆಗೆದಿಟ್ಟದ್ದು ಮರೆತು ಓಮ್ಸ್‌ಗೆ ಹಾಕಿದರೆ ಮುಳ್ಳು ಎಡಗಡೆಯೇ ಬಿದ್ದಿರುತ್ತದೆ. ಆಗ ವಾಲ್ವ್ ಹುಡುಕಿಕೊಂಡು ಎಸ್‌.ಪಿ. ರಸ್ತೆಗೆ ಬಸ್ಸು ಹತ್ತಬೇಡಿ.